ಅಲ್ಲಾಡದ ಅಂಕಿ

“ಆ ಸ್ವಿಚ್ ಮುಟ್ಟಿದ್ರೆ ಕೈ ಮುರೀತೀನಿ!”

ಮಾಲೀಕ ನಂದಕುಮಾರ್ ಹಾಗೆ ಕಿರುಚಿದಾಗ ಸೈರನ್ ಸ್ವಿಚ್ಚಿಗೂ ನನ್ನ ಬೆರಳಿಗೂ ಗೇಣು ಅಂತರ.

ಬರೀ ಗೇಣು! ಆದ್ರೆ ನನ್ನ ಮಣಿಕಟ್ಟು ಅವನ ಡ್ರೈವರ್ ಮುಷ್ಟಿಯಲ್ಲಿತ್ತು. ಎಮ್ಮೆ ಹಾಗಿದ್ದ ಆಸಾಮಿ. ಮೂಳೆ ಕಟಕಟ ಅಂತಿತ್ತು.

ಎದುರಿಗೆ ಕಂಪ್ಯೂಟರ್. ಅದರಲ್ಲೊಂದು ಕೆಂಪು ಅಂಕಿ... ಏರ್ತಾನೇ ಇತ್ತು. ಗೋಡೆಯಾಚೆ ಅಮೋನಿಯಾ ಮೆಷಿನ್ನು. ಅದರಾಚೆ ಹಾಲ್‌ನಲ್ಲಿ ಹೆಂಗಸರು. ಅವರೆಕಾಯಿ ಸುಲೀತಾ ನಗ್ತಿದ್ರು. ಅವರ ನಗು ನನಗೆ ಕೇಳಿಸ್ತಿತ್ತು.

ಹೆದರಿದ್ದೆ ಸ್ವಾಮಿ. ಸುಳ್ಳು ಯಾಕೆ ಹೇಳ್ಲಿ?

ನಾನು ಮುಸರ್ರತ್. ಆರ್.ಟಿ. ನಗರದೋಳು. ಯಾರೋ ಬರೆದ ಪ್ರೋಗ್ರಾಂ ಕೈಕೊಟ್ಟಾಗ ಜನ ನನ್ನನ್ನ ಕರೀತಾರೆ. ವೆಬ್‌ಸೈಟು ಗಿಬ್‌ಸೈಟು ಮುಟ್ಟಲ್ಲ. ಡೆಸ್ಕ್‌ಟಾಪ್ ಮಾತ್ರ. ಮೇಜಿನ ಮೇಲಿನ ಡಬ್ಬದೊಳಗೆ ಒಂಟಿಯಾಗಿ ಓಡೋ ಸಾಫ್ಟ್‌ವೇರು. ನರ್ಸಿಂಗ್ ಹೋಮು, ಚಿಟ್ ಫಂಡು, ಮರದ ಡಿಪೋ... ಎಲ್ಲ ನೋಡಿದೀನಿ. ಒಂದ್ಸಲ ಚಿಟ್ ಫಂಡಿನವನು ನನ್ನ ಹಿಂದೆ ರೌಡಿ ಬಿಟ್ಟಿದ್ದ. ಆ ರೌಡಿಗೇ ಟೀ ಕುಡಿಸಿ ಕಳಿಸಿದ್ದೆ.

ಇದು ಬೇರೆ.

ಎರಡು ಸಾವಿರದ ಹನ್ನೆರಡು, ಜನವರಿ. ಅವರೆಕಾಯಿ ಸೀಸನ್ನು. ತುಮಕೂರು ರೋಡ್ ತುಂಬಾ ಮೆಟ್ರೋ ಕಂಬ ಎಬ್ಬಿಸ್ತಿದ್ರು. ಗೊರಗುಂಟೆಪಾಳ್ಯದ ಧೂಳೆಲ್ಲ ಕುಡ್ಕೊಂಡು, ಬೆಳಿಗ್ಗೆ ಸ್ಕೂಟಿಯಲ್ಲಿ ನಾಗಸಂದ್ರ ತಲುಪಿದ್ದೆ. ಮೇನ್ ರೋಡಿಂದ ಒಳಗೆ ನಂದಕುಮಾರ್‌ನ ಕೋಲ್ಡ್ ಸ್ಟೋರೇಜು. ಸುಲಿದ ಅವರೆಕಾಳನ್ನ ಫ್ರೀಜ್ ಮಾಡಿ ಸೂಪರ್ ಮಾರ್ಕೆಟ್ಟಿಗೆ ಕಳಿಸೋ ದಂಧೆ.

“ಕಂಪ್ಯೂಟರ್ ತುಂಬಾ ಸ್ಲೋ ಮೇಡಂ,” ಅಂದಿದ್ದ ಫೋನಲ್ಲಿ. “ಇವತ್ತು ಬೈಯರ್ಸ್ ಬರ್ತಿದ್ದಾರೆ. ಅವರ ಮುಂದೆ ಹ್ಯಾಂಗ್ ಆದ್ರೆ ಮಾನ ಹೋಗುತ್ತೆ.”

ಅಷ್ಟೇ ಕೆಲಸ. ಸ್ಲೋ ಕಂಪ್ಯೂಟರ್!

ಕಂಟ್ರೋಲ್ ರೂಮಲ್ಲಿ ಆಪರೇಟರ್ ಮೆಹಬೂಬ್ ಪಾಷಾ ಇದ್ರು. ವಯಸ್ಸಾದೋರು. ನನಗೆ ಕುರ್ಚಿ ಒರೆಸಿ ಕೊಟ್ರು.

“ಕೂತ್ಕೋ ಬೇಟಿ. ಇದೇ ನೋಡು ನಮ್ಮ ಪ್ರೋಗ್ರಾಂ.”

ಪರದೆ ಮೇಲೆ ಪೈಪುಗಳ ಚಿತ್ರ. ಮಧ್ಯದಲ್ಲಿ ದೊಡ್ಡದಾಗಿ, ಸ್ಟೋರೇಜನ್ನ ತಣ್ಣಗಿಡೋ ಅಮೋನಿಯಾ ಗ್ಯಾಸಿನ ಪ್ರೆಶರ್. 12.5. ಹಸಿರು ಬಣ್ಣ. ಮೆಷಿನ್ನಿಗೆ ಸಿಕ್ಕಿಸಿದ ಸೆನ್ಸರಿಂದ ಒಂದು ಕೇಬಲ್ ಬಂದು ಕಂಪ್ಯೂಟರಿನ ಬೆನ್ನಿಗೆ ಸೇರಿತ್ತು. ಆ ಕೇಬಲ್ ತಂದ ಅಂಕಿನೇ ಪರದೆ ಮೇಲೆ ಕಾಣೋದು.

ಮೌಸ್ ಅಲ್ಲಾಡಿಸ್ದೆ. ಬಾಣ ಜೇನುತುಪ್ಪದಲ್ಲಿ ಬಿದ್ದ ನೊಣದ ಹಾಗೆ ತೆವಳ್ತು.

ಆಗಲೇ ಗಮನಿಸಿದ್ದು...

12.5. ಇನ್ನೂ 12.5. ಪಾಯಿಂಟ್ ಒಂದೂ ಆಚೀಚೆ ಇಲ್ಲ!

“ಪಾಷಾ ಭಾಯ್, ಈ ನಂಬರ್ ಯಾವಾಗಿಂದ ಹೀಗೇ ಇದೆ?”

“ನಿನ್ನೆಯಿಂದ ಫಸ್ಟ್ ಕ್ಲಾಸ್ ಬೇಟಿ! ನಿನ್ನೆ ಒಂದ್ಸಲ ಸಿಕ್ಕಾಕೊಂಡಿತ್ತು. ಕ್ಲೋಸ್ ಮಾಡಿ ಮತ್ತೆ ಓಪನ್ ಮಾಡ್ದೆ. ಆಮೇಲೆ ಅಲ್ಲಾಡೇ ಇಲ್ಲ.”



ಓಡೋ ಮೆಷಿನ್ನು ಉಸಿರಾಡುತ್ತೆ. ಅದರ ಅಂಕಿ ಕುಣೀಬೇಕು. ಕುಣೀದೆ ಇದ್ರೆ ಅದು ಅಂಕಿ ಅಲ್ಲ... ಫೋಟೋ!

“ಮೆಷಿನ್ ಮೇಲೆ ಮುಳ್ಳಿನ ಮೀಟರ್ ಇರ್ಬೇಕಲ್ಲ?”

“ಗಾಜು ಒಡೆದು ಕೆಟ್ಟೋಯ್ತು. ಕಂಪ್ಯೂಟರ್ ಇದೆಯಲ್ಲ, ಅದ್ಯಾಕೆ ಅಂದ್ರು ಸಾಹೇಬ್ರು.”

ಟಾಸ್ಕ್ ಮ್ಯಾನೇಜರ್ ತೆಗೆದೆ. ಒಳಗೆ ಏನೇನು ಓಡ್ತಿದೆ ಅಂತ ತೋರಿಸೋ ಪಟ್ಟಿ. ನಮ್ಮ ಪ್ರೋಗ್ರಾಂ ಹೆಸರು ಅದರಲ್ಲಿತ್ತು.

ಕೆಳಗೆ ನೋಡ್ದೆ. ಮತ್ತೆ ಅದೇ ಹೆಸರು!

ಪರದೆ ಮೇಲೆ ಒಂದು. ಪಟ್ಟಿಯಲ್ಲಿ ಎರಡು.

ಹೇಳ್ತೀನಿ ಕೇಳಿ, ಕಷ್ಟ ಏನಿಲ್ಲ. ನಿನ್ನೆ ಪಾಷಾ ಭಾಯ್ ಕ್ಲೋಸ್ ಒತ್ತಿದಾಗ ಕಿಟಕಿ ಮುಚ್ಚಿತು. ಪ್ರೋಗ್ರಾಂ ಸಾಯಲಿಲ್ಲ. ಸೆನ್ಸರ್ ಓದೋ ಭಾಗಕ್ಕೆ ನಿಲ್ಲು ಅಂತ ಯಾರೂ ಹೇಳಿರ್ಲಿಲ್ಲ. ಅದು ಕತ್ತಲಲ್ಲಿ ಕೂತು ಕೇಬಲ್ಲನ್ನ ತಬ್ಬಿಕೊಂಡಿತ್ತು. ಕಂಪ್ಯೂಟರಿನ ಶಕ್ತಿಯೆಲ್ಲ ತಿಂತಿತ್ತು. ಅದಕ್ಕೇ ಸ್ಲೋ! ಆ ಕೇಬಲ್ಲು ಒಂದು ಸಲಕ್ಕೆ ಒಬ್ಬರಿಗೇ. ಹೊಸ ಪ್ರೋಗ್ರಾಂ ಬಂದು ಬಾಗಿಲು ತಟ್ಟಿದೆ. ಸಿಕ್ಕಿಲ್ಲ. ಹಳೇದಕ್ಕೆ ನಿಜ ಗೊತ್ತು, ಹೇಳೋಕೆ ಬಾಯಿಲ್ಲ. ಹೊಸದಕ್ಕೆ ಬಾಯಿದೆ, ನಿಜ ಗೊತ್ತಿಲ್ಲ.

ಆದ್ರೆ ಹೊಸದು ಕೂಗ್ಕೋಬೇಕಿತ್ತು. ‘ಕೇಬಲ್ ಸಿಗ್ತಿಲ್ಲ’ ಅಂತ ಎರರ್ ತೋರಿಸ್ಬೇಕಿತ್ತು. ಯಾಕೆ ಸುಮ್ನಿದೆ?

ಪ್ರೋಗ್ರಾಂ ಬರೆದ ಶಿವರಾಮ್‌ಗೆ ಫೋನ್ ಹಚ್ಚಿದೆ. ನಂಬರ್ ಗೋಡೆ ಮೇಲೇ ಇತ್ತು.

“ಸೆನ್ಸರ್ ಸಿಗದೆ ಎರರ್ ಬಂದ್ರೆ ನಿನ್ನ ಪ್ರೋಗ್ರಾಂ ಏನ್ ಮಾಡುತ್ತೆ ಮಗಾ?”

“ಅದು... ಮೇಡಂ...”

“ಶಿವರಾಮ್!”

“ಏನೂ ಮಾಡಲ್ಲ ಮೇಡಂ... ಎರರ್ ನುಂಗುತ್ತೆ. ಫೈಲಲ್ಲಿ ಉಳಿಸಿಟ್ಟ ಹಿಂದಿನ ಅಂಕಿ ತೋರಿಸ್ಕೊಂಡಿರುತ್ತೆ.”

“ಹುಚ್ಚಾ ನಿನಗೆ?”

“ಪದೇಪದೇ ಮೆಸೇಜ್ ಬರ್ತಿತ್ತು ಮೇಡಂ. ಮೆಸೇಜ್ ಕಾಣ್ಸಬಾರ್ದು, ಏನಾದ್ರೂ ಮಾಡು ಅಂದ್ರು ನಂದಕುಮಾರ್ ಸರ್. ಅಲಾರಂ ಶಬ್ದನೂ ತೆಗೆಸಿದ್ರು. ನಾನು...”

ಫೋನ್ ಇಟ್ಟೆ. ಅವನ ಜೊತೆ ಜಗಳ ಆಡೋಕೆ ಟೈಮಿರ್ಲಿಲ್ಲ.

ಎರಡನ್ನೂ ಕೊಂದೆ. ಹೊಸದಾಗಿ ಶುರು ಮಾಡ್ದೆ. ಪೈಪುಗಳ ಚಿತ್ರ ಮೂಡ್ತು. ಅಂಕಿ ಜಾಗ ಖಾಲಿ...

ಬಂತು.

18.9.

ಕೆಂಪು!

“ಯಾ ಅಲ್ಲಾ!” ಪಾಷಾ ಭಾಯ್ ಪರದೆಗೆ ಬಗ್ಗಿದ್ರು. “ಹದಿನಾರು ದಾಟಿದ್ರೇನೇ ಮೆಷಿನ್ ಆಫ್ ಮಾಡ್ಬೇಕು ಬೇಟಿ!” ಕಿಟಕಿಗೆ ಓಡಿ ಮೇಲೆ ನೋಡಿದ್ರು. “ಪೈಪಿನ ಮೇಲೆ ನೀರು ಬೀಳ್ತಿಲ್ಲ... ಛಾವಣಿ ಪಂಪು ನಿಂತೋಗಿದೆ! ಗ್ಯಾಸ್ ತಣ್ಣಗಾಗ್ತಾನೇ ಇಲ್ಲ!”

“ತಾನಾಗೇ ಆಫ್ ಆಗಲ್ವಾ?”

“ಆಗೋದು... ಆಗಾಗ ನಿಲ್ಲುತ್ತೆ ಅಂತ ಆ ಸ್ವಿಚ್ಚಿಗೂ ತಂತಿ ಹಾಕಿ ಬೈಪಾಸ್ ಮಾಡ್ಸಿದ್ದಾರೆ ಸಾಹೇಬ್ರು.”

19.0.

ಅವರು ಮೆಷಿನ್ ರೂಮಿನ ಕಡೆ ತಿರುಗಿದ್ರು. ನಾನು ಸೈರನ್ ಕಡೆ ಕೈ ಚಾಚಿದೆ. ಆಗಲೇ ನಂದಕುಮಾರ್ ಡ್ರೈವರ್ ಜೊತೆ ಒಳಗೆ ಬಂದಿದ್ದು.

ಮುಂದಿನದು ಗೊತ್ತಲ್ಲ. ಮಣಿಕಟ್ಟು, ಎಮ್ಮೆ, ಗೇಣು.

“ಬೈಯರ್ಸ್ ಆಫೀಸಲ್ಲಿ ಕೂತಿದ್ದಾರೆ ಕಣ್ರೀ! ಸೈರನ್ ಹೊಡೆದು ನನ್ನ ಮುಳುಗಿಸ್ತೀರಾ?”

“ಸರ್, ಪ್ರೆಶರ್ ನೋಡಿ! ಹಾಲ್‌ನಲ್ಲಿ ಹೆಂಗಸರಿದ್ದಾರೆ!”

“ಇಷ್ಟೊತ್ತು ಹಸಿರಿತ್ತು. ನೀವು ಮುಟ್ಟಿದ್ಮೇಲೆ ಕೆಂಪಾಯ್ತು. ವಾಪಸ್ ಹಸಿರು ಮಾಡಿ!”

“ಹಸಿರು ಸುಳ್ಳು ಸರ್!”

“ಏಯ್... ಮಾಡು ಅಂದ್ರೆ ಮಾಡು! ಪಾಷಾ, ನೀನು ನಿಂತ್ಕೊ ಅಲ್ಲೇ! ಮೆಷಿನ್ ನಿಂತ್ರೆ ಒಳಗೆ ಬೆಚ್ಚಗಾಗುತ್ತೆ. ಅವರು ಥರ್ಮಾಮೀಟರ್ ಹಿಡ್ಕೊಂಡು ಬಂದಿದ್ದಾರೆ!”

ಪಾಷಾ ಭಾಯ್ ಕಾಲು ಅಲ್ಲೇ ನಾಟಿತು. ಎಷ್ಟೋ ವರ್ಷದ ಅಭ್ಯಾಸ. ಸಾಹೇಬ್ರು ನಿಲ್ಲು ಅಂದ್ರೆ ನಿಲ್ಲೋದು.

19.4.

ನಾನು ಡ್ರೈವರ್ ಮುಖ ನೋಡ್ದೆ. “ಅಣ್ಣಾ, ಆ ಗೋಡೆಯಾಚೆ ಇರೋದು ಸಿಡಿದ್ರೆ ಮೊದಲು ಸಾಯೋದು ನಾವೇ. ನಿಮ್ಮ ಸಾಹೇಬ್ರು ಬಾಗಿಲ ಹತ್ರ ನಿಂತಿದ್ದಾರೆ ನೋಡಿ... ನೀವು ಗೋಡೆ ಹತ್ರ ಇದೀರ.”

ಅವನು ನೋಡ್ದ. ನಿಜವಾಗ್ಲೂ ನೋಡ್ದ. ಮುಷ್ಟಿ ಸ್ವಲ್ಪ ಸಡಿಲ ಆಯ್ತು.

ಟಪ್!

ಸೋಡಾ ಬಾಟಲಿ ಮುಚ್ಚಳ ಹಾರಿದ ಶಬ್ದ, ಅಷ್ಟೇ. ಆಮೇಲೆ ಉಸ್ಸ್ ಅಂತ... ನಿಲ್ಲದ ಉಸಿರು. ಗೋಡೆಯ ಸಂದಿಯಿಂದ ಬಿಳಿ ಹೊಗೆ ಇಣುಕಿತು.

ಡ್ರೈವರ್ ನನ್ನ ಕೈಬಿಟ್ಟು ಓಡಿದ. ನಂದಕುಮಾರ್ ಅವನಿಗಿಂತ ಮೊದಲೇ ಓಡಿದ್ದ!

ಸೈರನ್ ಒತ್ತಿದೆ. ವಾಸನೆ ಮೂಗಿಗೆ ಬಡೀತು. ವಾಸನೆ ಅಲ್ಲ ಅದು, ಚಾಕು. ಕಣ್ಣಲ್ಲಿ ಮೆಣಸಿನಪುಡಿ ತಿಕ್ಕಿದ ಹಾಗೆ.

“ದುಪಟ್ಟಾ ನೆನೆಸ್ಕೊ! ಮೂಗಿಗೆ ಕಟ್ಕೊ!” ಪಾಷಾ ಭಾಯ್ ಬಾಟಲಿ ನೀರನ್ನ ನನ್ನ ಮೇಲೆ ಸುರಿದ್ರು. “ನಾನು ಮೆಷಿನ್ ನಿಲ್ಲಿಸ್ತೀನಿ. ನೀನು ಹೆಂಗಸರನ್ನ ಹೊರಡಿಸು!”

“ಭಾಯ್, ಬೇಡ...”

ಅವರು ಹೋಗೇಬಿಟ್ರು. ಆ ಬಿಳಿಯೊಳಗೆ!

ನಾನು ಅಂಗಳಕ್ಕೆ ಓಡಿ ಹಾಲ್‌ನ ಹಿಂದಕ್ಕೆ ಸುತ್ತಿಬಂದೆ. ಹಾಲ್‌ಗೆ ಎರಡೇ ಬಾಗಿಲು. ಒಂದು ಮೆಷಿನ್ ರೂಮಿನ ಪಕ್ಕದ ಓಣಿಗೆ. ಆ ಓಣಿ ಆಗಲೇ ಬೆಳ್ಳಗಾಗಿತ್ತು. ಇನ್ನೊಂದು ಹಿಂದುಗಡೆ, ಕಬ್ಬಿಣದ್ದು.

ಹೊರಗಿಂದ ಬೀಗ! ನನ್ನ ಅಂಗೈಯಷ್ಟು ಅಗಲದ ಬೀಗ.

ಒಳಗಿಂದ ಬಡೀತಿದ್ರು. “ಯಾರವ್ವಾ ಅಲ್ಲಿ? ತೆಗೀರವ್ವಾ! ಕಣ್ಣುರಿ... ಉಸ್ರು ಕಟ್ತಾ ಅದೆ!”

“ಬೀಗ ಯಾಕೆ ಹಾಕಿದ್ದಾರೆ?”

“ಕಾಳು ಕದ್ಕೊಂಡೋಯ್ತೀವಿ ಅಂತ ಇಂಗ್ ಬೀಗ ಜಡೀತಾನೆ! ಬೀಗದ ಕೈ ಅವ್ನ ಜೇಬಲ್ಲೇ ಅದೆ!” ಆ ದನಿ ಸೊಣ್ಣಮ್ಮಂದು ಅಂತ ಆಮೇಲೆ ಗೊತ್ತಾಯ್ತು. ಹೆಂಗಸರ ಮೇಸ್ತ್ರಿ. “ಬ್ಯಾಗ ಓಗು ತಾಯಿ!”

ಓಡಿದೆ. ಗೇಟಿನ ಕಡೆ. ಅಷ್ಟು ಜೋರಾಗಿ ಎಂದೂ ಓಡಿಲ್ಲ.

ಬೈಯರ್ಸ್ ಆಗಲೇ ರೋಡಲ್ಲಿ ಕೆಮ್ಮುತ್ತಾ ನಿಂತಿದ್ರು. ನಂದಕುಮಾರ್‌ನ ಇನ್ನೋವಾ ರಿವರ್ಸ್ ತಗೊಂಡು ಗೇಟಿಗೆ ತಿರುಗ್ತಿತ್ತು. ಸ್ಟೀರಿಂಗ್ ಹಿಂದೆ ಅವನೇ. ಡ್ರೈವರ್ ಗಾಡಿಗೂ ಕಾಯದೆ ಪರಾರಿ!

ಗೇಟಿನ ಪಕ್ಕ ನನ್ನ ಸ್ಕೂಟಿ. ಅದನ್ನ ಎಳೆದು ಗೇಟಿಗೆ ಅಡ್ಡ ಬೀಳಿಸ್ದೆ. ಅದರ ಹಿಂದೆ ನಿಂತೆ.

ಹಾರ್ನ್! ಹಾರ್ನ್! ಇನ್ನೋವಾ ನಿಲ್ಲಲಿಲ್ಲ. ಬಂಪರ್ ಸ್ಕೂಟಿಗೆ ತಾಗ್ತು. ತಳ್ತು. ಸ್ಕೂಟಿ ಕರ್ರ್ ಅಂತ ನನ್ನ ಮೊಣಕಾಲಿಗೆ ಬಂದು ಒತ್ತಿತು.

“ಕೀ ಕೊಡಿ!” ಅಂತ ಅರಚಿದೆ. “ಹಿಂದಿನ ಬಾಗಿಲ ಕೀ!”

“ಸರಿಯೇ ಪಕ್ಕಕ್ಕೆ!”

“ತಳ್ಳಿ ಸರ್! ಇಲ್ಲಿ ಎಲ್ರೂ ನೋಡ್ತಿದ್ದಾರೆ. ನಿಮ್ಮ ಬೈಯರ್ಸೂ ನೋಡ್ತಿದ್ದಾರೆ. ತಳ್ಳಿ!”

ಅವನು ರೋಡ್ ಕಡೆ ನೋಡ್ದ. ಬೈಯರ್ಸಲ್ಲಿ ಒಬ್ಬ ಮೊಬೈಲ್ ಎತ್ತಿ ಹಿಡಿದಿದ್ದ.

ಗಾಜು ಇಳೀತು. ಕೀ ಗೊಂಚಲು ಹಾರಿ ಬಂದು ನನ್ನ ಎದೆಗೆ ಬಡೀತು.

ಈಗ ವಾಪಸ್ ಹೋಗ್ಬೇಕಿತ್ತು...

ಅಲ್ಲೊಂದು ಕ್ಷಣ ನಿಂತೆ. ಬಿಳಿ ಮೋಡ ಅಂಗಳಕ್ಕೆ ಇಳಿದಿತ್ತು. ರೋಡಿನ ಗಾಳಿ ಎಷ್ಟು ಚೆನ್ನಾಗಿತ್ತು! ಕೀ ಬೇರೆ ಯಾರಿಗಾದ್ರೂ ಕೊಡೋಣ ಅನ್ನಿಸ್ತು. ಸುತ್ತ ನೋಡ್ದೆ. ಎಲ್ಲರೂ ಒಂದೊಂದು ಹೆಜ್ಜೆ ಹಿಂದಕ್ಕೆ ಇಟ್ರು.

ಉಸಿರು ಕಟ್ಟಿ ನುಗ್ಗಿದೆ.

ಬೀಗ ಕೈಗೆ ಸಿಕ್ತು. ಗೊಂಚಲಲ್ಲಿ ಯಾವ ಕೀ? ಕಣ್ಣು ತೆರೆಯೋಕಾಗ್ತಿಲ್ಲ. ಒಂದು ಹಾಕ್ದೆ. ಇಲ್ಲ. ಇನ್ನೊಂದು. ಇಲ್ಲ! ಒಳಗೆ ಬಡಿಯೋ ಶಬ್ದ ಕಮ್ಮಿ ಆಗ್ತಿತ್ತು. ಅದು ಎಲ್ಲಕ್ಕಿಂತ ಭಯ... ಬಡೀರಿ, ಬಡೀರಿ ಅಂತ ಒಳಗೊಳಗೇ ಬೇಡ್ಕೊಂಡೆ. ಗೊಂಚಲು ಜಾರಿ ಬಿತ್ತು. ಮಂಡಿಯೂರಿ ಮಣ್ಣಲ್ಲಿ ತಡಕಾಡಿದೆ. ಸಿಕ್ತು. ಮತ್ತೊಂದು ಹಾಕ್ದೆ...

ತಿರುಗ್ತು!

ಬಾಗಿಲು ತೆರೆದ ರಭಸಕ್ಕೆ ನಾನು ಬಿದ್ದೆ. ಹೆಂಗಸರು ನನ್ನ ದಾಟ್ಕೊಂಡು, ತುಳ್ಕೊಂಡು ಹೊರಗೆ ಬಂದ್ರು. ಸೀರೆ ಸೆರಗು ಬಾಯಿಗೆ. ಒಬ್ಬರ ಕೈ ಒಬ್ಬರು ಹಿಡ್ಕೊಂಡು. ಕೊನೆಗೆ ಸೊಣ್ಣಮ್ಮ, ಎಚ್ಚರ ತಪ್ಪಿದ ಒಬ್ಬ ಹುಡುಗಿಯನ್ನ ಹೆಗಲ ಮೇಲೆ ಹಾಕ್ಕೊಂಡು.

“ಏಳವ್ವಾ! ಎದ್ದೇಳು! ಇಲ್ಲೇ ಮನೀಕೊಂಡ್ಯಾ?”

ನನ್ನ ಜಡೆ ಹಿಡಿದು ಎಳ್ಕೊಂಡು ಹೋದ್ಲು ಪುಣ್ಯಾತ್ಗಿತ್ತಿ.

ಉಸ್ಸ್ ಅನ್ನೋ ಶಬ್ದ ನಿಧಾನಕ್ಕೆ ಸಣ್ಣಗಾಯ್ತು. ಪಾಷಾ ಭಾಯ್ ಮೆಷಿನ್ ನಿಲ್ಲಿಸಿದ್ರು. ಗ್ಯಾಸ್ ಪೈಪು ಮುಚ್ಚಿದ್ರು. ಆಮೇಲೆ ಅವರೇ ಕಾಣಿಸಿದ್ರು. ತೆವಳ್ಕೊಂಡು ಬಾಗಿಲು ದಾಟ್ತಿದ್ರು. ಅಷ್ಟೊತ್ತಿಗೆ ಯಾರೋ ಕರೆಸಿದ್ದ ಫೈರ್ ಇಂಜಿನ್ನಿನವರು ಹೋಗಿ ಎತ್ಕೊಂಡು ಬಂದ್ರು.

ಯಾರೂ ಸಾಯಲಿಲ್ಲ. ಹುಡುಗಿ ಸಂಜೆಗೆ ಕಣ್ಣು ಬಿಟ್ಟಳು.

ಪಾಷಾ ಭಾಯ್‌ದು ಎಡಗಣ್ಣು ಹೋಯ್ತು.

ಆಸ್ಪತ್ರೆಗೆ ಹೋದಾಗ ನನ್ನ ಕೈ ಹಿಡ್ಕೊಂಡು ಒಂದೇ ಮಾತು ಕೇಳಿದ್ರು. “ಬೇಟಿ, ಹಸಿರಿತ್ತಲ್ಲಾ... ನಾನು ದಿನಾ ನೋಡ್ತಿದ್ದೆನಲ್ಲಾ...” ಕಿತ್ತಳೆ ಸುಲಿದು ಕೊಟ್ಟೆ. ಇಬ್ರೂ ತಿನ್ಲಿಲ್ಲ.

ಸ್ಟೇಷನ್ನಲ್ಲಿ ನಂದಕುಮಾರ್‌ನ ವಕೀಲ ಇಸ್ತ್ರಿ ಮಾಡಿದ ದನಿಯಲ್ಲಿ ಹೇಳ್ದ. “ಇದು ಸಾಫ್ಟ್‌ವೇರ್ ದೋಷ ಸರ್. ತಾಂತ್ರಿಕ ಸಮಸ್ಯೆ.”

ಇನ್ಸ್‌ಪೆಕ್ಟರ್ ನನ್ನ ಕಡೆ ತಿರುಗಿದ್ರು. “ಹೌದೇನಮ್ಮಾ?”

“ಸಾಫ್ಟ್‌ವೇರ್‌ಗೆ ಬಾಯಿ ಮುಚ್ಕೊಂಡಿರು ಅಂದಿದ್ದು ಯಾರು ಅಂತ ಶಿವರಾಮ್‌ನ ಕೇಳಿ ಸರ್. ಹೊರಗೇ ಕೂತಿದ್ದಾನೆ. ಬೀಗದ ವಿಷಯ ಸೊಣ್ಣಮ್ಮನ್ನ ಕೇಳಿ. ಅವಳೂ ಹೊರಗೇ ಇದ್ದಾಳೆ... ತುಂಬಾ ಜನಾನ ಕರ್ಕೊಂಡು ಬಂದಿದ್ದಾಳೆ.”

ಹೊರಗಿನ ಗಲಾಟೆ ವಕೀಲನಿಗೂ ಕೇಳಿಸ್ತು. ನಂದಕುಮಾರ್ ಆ ರಾತ್ರಿ ಮನೆಗೆ ಹೋಗ್ಲಿಲ್ಲ. ಶಿವರಾಮ್ ಹೇಳಿಕೆ ಕೊಡ್ತಾ ಮಗು ಹಾಗೆ ಅತ್ತ ಅಂತೆ.

ನನಗೆ ತುಂಬಾ ದಿನ ನಿದ್ದೆ ಬರ್ಲಿಲ್ಲ. ಬಾತ್‌ರೂಮ್ ಫಿನಾಯಿಲ್ ವಾಸನೆಗೂ ಎದೆ ಹೊಡ್ಕೊಳ್ಳೋದು. ಈ ಕೆಲಸನೇ ಬೇಡ ಅಂದ್ಲು ಅಮ್ಮಿ. ನಾನೂ ಹೂಂ ಅಂದೆ.

ಒಂದು ಮಧ್ಯಾಹ್ನ ಫೋನ್ ಬಂತು. ಚಿಕ್ಕಜಾಲದ ಕಡೆ ಒಂದು ಐಸ್ ಫ್ಯಾಕ್ಟರಿ. ಮುನಿವೆಂಕಟಯ್ಯ ಅಂತ ಓನರ್. ಮಾತು ಬಲು ಮೃದು.

“ನಾಗಸಂದ್ರದ ಸುದ್ದಿ ಕೇಳಿ ಫೋನ್ ಮಾಡ್ದೆ ಮೇಡಂ. ನಮ್ದು ಅಂಗೇನಿಲ್ಲ ಬಿಡಿ. ಸಾಫ್ಟ್‌ವೇರ್ ಹಾಕ್ಸಿ ಎರಡು ವರ್ಷ ಆಯ್ತು, ಒಂದೇ ಒಂದು ಎರರ್ ಬಂದಿಲ್ಲ! ಸುಮ್ನೆ ಒಂದ್ಸಲ ನೋಡ್ಕೊಂಡು ಹೋಗ್ತೀರಾ?”

ಒಂದೂ ಎರರ್ ಇಲ್ವಂತೆ! ಇದೂ ನುಂಗ್ತಿದೆಯೋ ಏನೋ. ದುಪಟ್ಟಾ ಎಳ್ಕೊಂಡೆ. ಸ್ಕೂಟಿ ಕೀ ಹುಡುಕಿದೆ.

“ಬರ್ತೀನಿ ಸರ್... ಮೊದಲು ನೀವೆಲ್ಲ ಹೊರಗೆ ಬನ್ನಿ!”