ಬಂಡೆಯ ಮೇಲಿನ ಕೆಂಪು ಅಂಗೈ

"ಅಮ್ಮಾರೇ, ನಾನು ಕದ್ದಿಲ್ಲ! ಬಂಡೆ ಮ್ಯಾಲೆ ನನ್ನ ಕೈ ಅಚ್ಚೈತೆ ಅಂತ ಕ್ಯಾಂಪಿನಿಂದ ಓಡಿಸ್ತಾವ್ರೆ!"

ಮದಕರಿಪುರದ ಕುರಿಗಾಹಿ ಪಾಪಣ್ಣ ಏಕನಾಥಮ್ಮನ ಜಗಲಿಯಲ್ಲಿ ನಿಂತು ಗೋಗರೆದ. ಇದು ೧೯೭೪ರ ಮಾತು. ಏಕನಾಥಮ್ಮ ಚಿತ್ರದುರ್ಗದ ನಿವೃತ್ತ ಡ್ರಾಯಿಂಗ್ ಮೇಡಂ. ಏನಾದರೂ ಕಳುವಾದರೆ ಊರಿನವರು ಪೊಲೀಸರಿಗಿಂತ ಮೊದಲು ಆಕೆಯ ಬಾಗಿಲು ತಟ್ಟುತ್ತಿದ್ದರು. ಪಕ್ಕದ ಮನೆಯ ಸರ್ವಮಂಗಳ, ಅಂದರೆ ನಾನು, ಛತ್ರಿ ಹಿಡಿದು ಹಿಂದೆ ಹೋಗುವವಳು.

ಜೋಗಿಮಟ್ಟಿಯ ಬುಡದಲ್ಲಿ ಬಂಡೆ ಹತ್ತುವ ಶಿಬಿರ ನಡೆದಿತ್ತು. ದೊಡ್ಡ ಬಂಡೆಯ ನೆತ್ತಿಯಲ್ಲಿ ಬೆಳ್ಳಿ ಬಟ್ಟಲು. ಹಗ್ಗವಿಲ್ಲದೆ ಹತ್ತಿ ಮೊದಲು ತಂದವನಿಗೆ ಹಿಮಾಲಯದ ತರಬೇತಿಗೆ ಸೀಟು. ಕೊನೆಯ ಸುತ್ತಿಗೆ ಉಳಿದವರು ಪಾಪಣ್ಣ ಮತ್ತು ಹನುಮಂತಯ್ಯ ಮೇಷ್ಟರು. ಹಿಂದಿನ ಸಂಜೆ ಬಟ್ಟಲನ್ನು ಏಣಿ ಹಾಕಿ ಮೇಲಿಟ್ಟು, ಏಣಿಯನ್ನು ಕೋಣೆಯೊಳಗೆ ಸೇರಿಸಿ ಬೀಗ ಜಡಿದವರೂ ಮೇಷ್ಟರೇ. ಬೆಳಿಗ್ಗೆ ನೋಡಿದರೆ ಬಟ್ಟಲು ಪಾಪಣ್ಣನ ಕಂಬಳಿಯೊಳಗೆ!

ನಾವು ಅಲ್ಲಿಗೆ ಹೋದಾಗ ಬಂಡೆಯುದ್ದಕ್ಕೂ ಒಂಬತ್ತು ಕೆಂಪು ಅಂಗೈ ಗುರುತುಗಳಿದ್ದವು. ಬೆವರಿಗೆ ಕೈ ಜಾರದಿರಲೆಂದು ಕೆಮ್ಮಣ್ಣು ಉಜ್ಜಿಕೊಂಡು ಹತ್ತುವವನು ಪಾಪಣ್ಣನೊಬ್ಬನೇ. ಗುರುತುಗಳ ಹೆಬ್ಬೆರಳೆಲ್ಲ ಬಲಕ್ಕೆ ಚಾಚಿದ್ದವು. ನಾನಂತೂ ಇವನ ಕತೆ ಮುಗಿಯಿತು ಎಂದುಕೊಂಡೆ.

ಏಕನಾಥಮ್ಮ ಪಕ್ಕದ ಸಣ್ಣ ಬಂಡೆಯನ್ನು ತೋರಿಸಿ, "ಇದನ್ನ ಹತ್ತಪ್ಪ" ಎಂದರು. ಕೆಮ್ಮಣ್ಣು ಉಜ್ಜಿಕೊಂಡು ಅವನು ಸರಸರ ಹತ್ತಿ ಇಳಿದ. ಆಕೆ ಅವನು ಹಿಡಿದ ಜಾಗಗಳನ್ನೆಲ್ಲ ಕಣ್ಣಿಟ್ಟು ನೋಡಿ, ಶಿಬಿರದ ಮುಖ್ಯಸ್ಥ ಬೋರಯ್ಯನವರತ್ತ ತಿರುಗಿದರು.

"ಎಲ್ರನ್ನೂ ಕರೀರಿ."

ಎಲ್ಲರೂ ಸೇರಿದರು.

"ಪಾಪಣ್ಣ ಹತ್ತಿದ ಕಡೆ ಬಿರುಕಿನಾಗೆ ಬೆರಳ ತುದಿ ಗುರುತಷ್ಟೇ ಅವೆ. ಬಂಡೆ ಹತ್ತೋನು ಬೆರಳಲ್ಲಿ ಹಿಡೀತಾನೆ. ನುಣ್ಣನೆ ಕಲ್ಲಿಗೆ ಅಂಗೈ ಒತ್ತಿದ್ರೆ ಯಾವನೂ ಮೇಲೆ ಹೋಗಲ್ಲ. ಇನ್ನು ದೊಡ್ಡ ಬಂಡೆ ನೋಡ್ರಿ. ಹೆಬ್ಬೆರಳು ಬಲಕ್ಕಿದ್ರೆ ಅದು ಎಡಗೈ. ಒಂಬತ್ತೂ ಎಡಗೈ! ಬಲಗೈ ಏನು ಮಾಡ್ತಿತ್ತು? ಏಣಿ ಹಿಡಿದಿತ್ತು. ಬೀಗ ಮುರಿದಿಲ್ಲ. ಬೀಗದ ಕೈ ಯಾರತ್ರ ಐತೆ, ಮೇಷ್ಟ್ರೇ?"

ಹನುಮಂತಯ್ಯನವರ ಮುಖ ಸುಣ್ಣವಾಯಿತು. "ನೇರಾನೇರ ಇವನನ್ನ ಗೆಲ್ಲಾಕೆ ಆಗಲ್ಲ ಅಂತ ಗೊತ್ತಿತ್ತು" ಎಂದು ಗೊಣಗಿದರು. ಮಕ್ಕಳಿಗೆ ನೀತಿಪಾಠ ಹೇಳುವ ಬಾಯಿ ಅದು. ನನಗೆ ಮೈಯೆಲ್ಲ ಉರಿದುಹೋಯಿತು.

ಬೋರಯ್ಯ, "ಸೀಟು ನಿಂದೇ ಕಣಪ್ಪ, ಇನ್ನು ಪಂದ್ಯ ಯಾಕೆ?" ಎಂದರು.

"ಪುಕ್ಸಟ್ಟೆ ಬ್ಯಾಡ್ರಿ" ಎಂದ ಪಾಪಣ್ಣ. "ಬಟ್ಲು ಮ್ಯಾಲಿಡ್ರಿ. ಮೇಷ್ಟ್ರೂ ಹತ್ಲಿ, ನಾನೂ ಹತ್ತೀನಿ."

ಮೇಷ್ಟರು ಎರಡಾಳೆತ್ತರ ಹೋಗಿ, ಮುಂದೆ ಹಿಡಿತ ಸಿಗದೆ ಇಳಿದುಬಿಟ್ಟರು. ಪಾಪಣ್ಣ ನೆತ್ತಿ ಮುಟ್ಟಿದ. ಬೆಳಿಗ್ಗೆ ಕಳ್ಳ ಎಂದು ಕೂಗಿದ ಬಾಯಿಗಳೇ ಈಗ ಶಿಳ್ಳೆ ಹೊಡೆದವು. ಅವನಿಗೆ ಅದರ ಕಡೆ ಗಮನವೇ ಇರಲಿಲ್ಲ. ಬಂಡೆಯ ತುದಿಯಲ್ಲಿ ನಿಂತು ದೂರಕ್ಕೆ ಕಣ್ಣು ಹಾಯಿಸಿ ಕೂಗಿದ:

"ಅಮ್ಮಾರೇ, ಹಿಮಾಲ್ಯ ಎತ್ಲಾಗೈತ್ರೀ?"