ಸೀಲ್ ಮೇಲಿನ ಸಹಿ

"ಆ ಬೋರ್ಡ್ ತಗೋಬೇಡಿ!"

ಮಾತು ಬಾಯಿಂದ ಜಾರಿದ ಮೇಲೆಯೇ ತಾನೇನು ಮಾಡಿದೆ ಎಂದು ರತ್ನಳಿಗೆ ಅರಿವಾಗಿದ್ದು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬೆಂಚಿನ ಮೇಲೆ ಬಿತ್ತು.

ಚಿಕ್ಕಬಳ್ಳಾಪುರದ ಆ ಪುಟ್ಟ ಕಂಪ್ಯೂಟರ್ ಅಂಗಡಿಯ ಮಾಲೀಕ ಎರ್ರಪ್ಪನ ಮುಖ ಬಿಗಿಯಿತು. ಕೌಂಟರಿನ ಮುಂದಿದ್ದ ಗಿರಾಕಿ ನಿಧಾನವಾಗಿ ಅವಳತ್ತ ತಿರುಗಿದ.

ಎತ್ತರದ ಆಳು. ಬಿಸಿಲಿಗೆ ಕಂದಿದ ಮುಖ. ತೊಂಡೇಬಾವಿಯಿಂದ ಎರಡು ಬಸ್ಸು ಬದಲಾಯಿಸಿ, ಹಳೆಯ ಕಂಪ್ಯೂಟರನ್ನು ಗೋಣಿಚೀಲದಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತು ತಂದಿದ್ದ. ಹೆಸರು ನರಸಿಂಹ.

"ಯಾಕೆ ಮೇಡಂ?" ಎಂದ ಅವನು.

ಅಯ್ಯೋ... ಈಗ ಹೇಳಲೇಬೇಕು!

"ನೀವು ವಿಮಾನ ಹಾರಿಸೋ ಪ್ರೋಗ್ರಾಂಗೆ ಅಂದ್ರಲ್ಲ... ಸಾರ್ ತೋರಿಸ್ತಿರೋ ಮದರ್‌ಬೋರ್ಡು ಆಫೀಸ್ ಕೆಲಸಕ್ಕೆ ಸರಿ. ಚಿತ್ರ ತೋರಿಸೋ ಕೆಲಸಾನೂ ಅದೇ ಮಾಡ್ಬೇಕು, ಅದಕ್ಕೆ ಮೆಮೊರಿ ಕಿತ್ಕೊಳ್ಳತ್ತೆ. ಆಕಾಶದಲ್ಲಿದ್ದಾಗ ಗೊತ್ತಾಗಲ್ಲ. ರನ್‌ವೇ ಹತ್ರ ಬಂದಾಗ ಚಿತ್ರ ತಡವರಿಸತ್ತೆ. ಚಿತ್ರದ ಕಾರ್ಡಿಗೆ ಬೇರೆ ಎಜಿಪಿ ಸ್ಲಾಟ್ ಇರೋ ಬೋರ್ಡ್ ತಗೊಳ್ಳಿ. ನಿಮ್ಮ ಹಳೇ ಡಬ್ಬಕ್ಕೂ ಕೂರತ್ತೆ."

"ಸಂಜೆ ಕ್ಲಾಸಲ್ಲಿ ಆರು ತಿಂಗಳು ಕಲ್ತು ಬಂದ್ಬಿಟ್ರೆ ಹಿಂಗೇಯಾ," ಎಂದು ಎರ್ರಪ್ಪ ನಗಲು ಪ್ರಯತ್ನಿಸಿದ. "ಎಂಟು ವರ್ಷದಿಂದ ಅಂಗಡಿ ನಡೆಸೋನು ನಾನು!"

ನರಸಿಂಹ ನಗಲಿಲ್ಲ. ಅವನ ಕಣ್ಣುಗಳು ರತ್ನಳನ್ನೇ ನೋಡುತ್ತಿದ್ದವು.

"ಇನ್ನಿಪ್ಪತ್ತು ದಿನಕ್ಕೆ ಪೈಲಟ್ ತರಬೇತಿಗೆ ಆರಿಸ್ಕೊಳ್ಳೋ ಕೊನೇ ಪರೀಕ್ಷೆ ಐತೆ, ಮೇಡಂ. ಕಂಪ್ಯೂಟರ್ ಮೇಲೆ ವಿಮಾನ ಇಳಿಸಿ ತೋರಿಸ್ಬೇಕು. ಸರ್ಕಾರದ ಖರ್ಚಲ್ಲಿ ಕಲಿಯೋ ಅವಕಾಶ, ವಯಸ್ಸಿನ ಲೆಕ್ಕದಲ್ಲಿ ನನಗಿದೇ ಕೊನೇ ಸಲ. ನೀವು ಹೇಳಿದ್ದೇ ಹಾಕಿ."

ಒಬ್ಬ ಮನುಷ್ಯನ ಕೊನೆಯ ಅವಕಾಶ... ಅದೂ ತನ್ನ ಮಾತಿನ ಮೇಲೆ!

ಬೆಂಗಳೂರಿನಿಂದ ಬೋರ್ಡ್ ತರಿಸಿ, ಎರಡು ದಿನ ಕೂತು ಕೂರಿಸಿದಳು. ಪ್ರತಿ ತಂತಿಯನ್ನೂ ಮೂರು ಮೂರು ಸಲ ನೋಡಿದಳು. ಕೊನೆಗೆ ಡಬ್ಬದ ಹಿಂದಿನ ಸ್ಕ್ರೂ ಮೇಲೆ ಕಾಗದದ ಸೀಲ್ ಅಂಟಿಸಿ, ಅಂಗಡಿಯ ಪದ್ಧತಿಯಂತೆ ಸಹಿ ಹಾಕಿದಳು. ವೆಂಕಟರತ್ನಮ್ಮ. ಸೀಲ್ ಹರಿದರೆ ಗ್ಯಾರಂಟಿ ಇಲ್ಲ.

ಅವನು ಆ ಸಹಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೋಡಿದ.

"ಪೂರ್ತಿ ಹೆಸರು ಚೆನ್ನಾಗೈತೆ," ಎಂದ.

ಅವಳು ತಲೆ ಎತ್ತಲಿಲ್ಲ. ಆದರೆ ಪೆರೇಸಂದ್ರದ ಬಸ್ಸಿನಲ್ಲಿ ಮನೆ ಸೇರುವವರೆಗೂ ಆ ಮಾತು ಕಿವಿಯಲ್ಲೇ ಇತ್ತು.

* * *

ಐದನೇ ದಿನ ನರಸಿಂಹ ಮತ್ತೆ ಬಂದ. ಹೆಗಲ ಮೇಲೆ ಅದೇ ಗೋಣಿಚೀಲ.

"ವಿಮಾನ ಎಡಕ್ಕೆ ಎಳೀತದೆ, ಮೇಡಂ. ಜಾಯ್‌ಸ್ಟಿಕ್ ಮುಟ್ಟದಿದ್ರೂ ವಾಲ್ತದೆ. ಒಂದೊಂದ್ ಸಲ ಮೂತಿ ನೆಲಕ್ಕೇ ಹೊಡೀತದೆ."

ರತ್ನ ಅಲ್ಲೇ ಜೋಡಿಸಿ ನೋಡಿದಳು. ವಿಮಾನ ನೇರ ಹಾರಿತು! ಅರ್ಧ ಗಂಟೆ ಹಾರಿಸಿದರೂ ಒಂದಿಷ್ಟೂ ವಾಲಲಿಲ್ಲ.

"ಮನೇಲಿ ಒಳಗೇನಾದ್ರೂ ಹೊಸದಾಗಿ ಹಾಕಿದ್ರಾ?"

ಅವನು ಕಣ್ಣು ತಪ್ಪಿಸಿದ. "ಇಲ್ಲ... ಏನೂ ಇಲ್ಲ."

ಮೂರು ದಿನ ಬಿಟ್ಟು ಮತ್ತೆ ಬಂದ. ಮತ್ತೆ ಅದೇ ದೂರು. ಅಂಗಡಿಯಲ್ಲಿ ಮತ್ತೆ ಎಲ್ಲ ಸರಿ!

ನಾನೇ ತಪ್ಪು ಆರಿಸಿದೆನಾ? ಎರ್ರಪ್ಪ ಸಾರ್ ಹೇಳಿದ್ದೇ ನಿಜವಾ? ಅವಳಿಗೆ ಊಟ ಸೇರುತ್ತಿರಲಿಲ್ಲ. ಕ್ಲಾಸಿನ ನೋಟ್ಸನ್ನು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದಳು. ಅಲ್ಲೇನೂ ಸಿಗಲಿಲ್ಲ.

ಎರ್ರಪ್ಪ ಮಾತ್ರ ಖಂಡಿತವಾಗಿ ಹೇಳಿಬಿಟ್ಟ.

"ನೋಡು ರತ್ನಮ್ಮ, ಮುಂದಿನ ಶನಿವಾರದೊಳಗೆ ಇದು ಸರಿ ಹೋಗ್ಬೇಕು. ಯಾಕೆ ಕೆಟ್ಟಿತ್ತು ಅಂತಾನೂ ನಂಗೆ ಗೊತ್ತಾಗ್ಬೇಕು. ಇಲ್ದಿದ್ರೆ ನೀನು ಬಿಲ್ ಬರಿ, ಸಾಕು. ರಿಪೇರಿ ಬೆಂಚಿಗೆ ಬೇರೆಯವ್ರನ್ನ ನೋಡ್ತೀನಿ."

ಬೆಂಚು! ಎರಡು ವರ್ಷ ಬಿಲ್ ಬರೆದು, ಬಸ್ಸಿನಲ್ಲಿ ನಿಂತೇ ಓದಿ, ಬೇಡಿ ಬೇಡಿ ಗಿಟ್ಟಿಸಿದ ಜಾಗ ಅದು.

ಭಾನುವಾರ ಬೆಳಗ್ಗೆ ರತ್ನ ತೊಂಡೇಬಾವಿಗೆ ಹೋಗಲು ಗೌರಿಬಿದನೂರಿನ ಬಸ್ಸು ಹತ್ತಿದಳು.

* * *

"ರಾ ತಲ್ಲಿ, ಒಳಗ್ ಬಾ!" ಎಂದು ಬಾಗಿಲಲ್ಲಿ ಕರೆದವರು ನರಸಿಂಹನ ತಾಯಿ ಅಶ್ವತ್ಥಮ್ಮ. "ಬಿಸಿಲಲ್ಲಿ ಬಂದಿದ್ದೀಯ, ಮಜ್ಜಿಗೆ ಕುಡಿ ಮೊದ್ಲು."

ನರಸಿಂಹ ಎದ್ದು ನಿಂತ. ಅವನ ಮುಖದ ಬಣ್ಣವೇ ಇಳಿದುಹೋಗಿತ್ತು. "ನೀವು... ಇಲ್ಲಿ?"

"ಹಾರಿಸಿ ತೋರಿಸಿ," ಎಂದಳು ರತ್ನ ನಿಂತಲ್ಲೇ.

ಹಾರಿಸಿದ. ಪರದೆಯ ಮೇಲೆ ವಿಮಾನ ಮೇಲೇರಿತು. ಅವನು ಜಾಯ್‌ಸ್ಟಿಕ್‌ನಿಂದ ಕೈ ತೆಗೆದ. ರೆಕ್ಕೆ ನಿಧಾನಕ್ಕೆ ಎಡಕ್ಕೆ ವಾಲಿತು... ಇನ್ನೂ ವಾಲಿತು... ನೆಲ ಎದ್ದು ಬಂದು ಪರದೆ ತುಂಬಿಕೊಂಡಿತು!

ರತ್ನ ಡಬ್ಬದ ಹಿಂದೆ ಬಗ್ಗಿದಳು. ಸೀಲ್ ಇತ್ತು. ಅವಳ ಸಹಿಯೂ ಇತ್ತು. ಆದರೆ... ಚೂರು ಓರೆ. ಅಂಚನ್ನು ಉಗುರಿನಿಂದ ಮೀಟಿದಳು. ಕೆಳಗಿನಿಂದ ಒಣಗಿದ ಅನ್ನದ ಅಗುಳೊಂದು ಉದುರಿತು.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಅವನ ಮುಂದೆ ಚಾಚಿದಳು.

ಮಜ್ಜಿಗೆ ತಂದ ಅಶ್ವತ್ಥಮ್ಮ ನಕ್ಕುಬಿಟ್ಟರು. "ಅದಾ? ನನ್ನ ಸಾರಿನ ಸೌಟು ಒಲೇಲಿ ಕಾಯ್ಸಿ, ಆ ಚೀಟಿ ಮೇಲೆ ಇಟ್ಟು ಇಟ್ಟು ಬಿಡಿಸ್ತಾ ಇದ್ದ ಕಣಮ್ಮ! ಆಮೇಲೆ ಅನ್ನ ಹಿಸುಕಿ ಅಂಟಿಸ್ದ. ಹರೀಬಾರ್ದಂತೆ!"

"ಅಮ್ಮಾ, ನೀನು ಹೋಗು!"

ಡಬ್ಬ ತೆರೆದಾಗ ಉತ್ತರ ಎದುರಿಗೇ ಇತ್ತು. ಅವಳು ಕೂರಿಸದ ಹಳೆಯ ಸೌಂಡ್ ಕಾರ್ಡ್.

"ಹೊಸ ಬೋರ್ಡಿನ ಶಬ್ದ ತೆಳುವಾಗಿತ್ತು," ಎಂದ ನರಸಿಂಹ ತಗ್ಗಿದ ದನಿಯಲ್ಲಿ. "ನಾನು ಎಂಜಿನ್ ಸದ್ದು ಕೇಳಿ ವೇಗ ಹಿಡಿಯೋನು. ಅದಕ್ಕೆ ಹಳೇದು ಹಾಕ್ದೆ. ಅಂಗಡಿಗೆ ತರೋವಾಗ ತೆಗೀತಿದ್ದೆ. ಸೌಂಡ್ ಕಾರ್ಡಿಗೂ ಜಾಯ್‌ಸ್ಟಿಕ್‌ಗೂ ಏನು ಸಂಬಂಧ, ನಮ್ಮೂರ ಕರೆಂಟೇ ಸರಿ ಇಲ್ಲ ಅಂದ್ಕೊಂಡೆ..."

"ಈ ಕಾರ್ಡಲ್ಲೂ ಜಾಯ್‌ಸ್ಟಿಕ್ ಕಿಂಡಿ ಐತೆ! ಬೋರ್ಡಲ್ಲೂ ಐತೆ! ಒಂದೇ ವಿಳಾಸಕ್ಕೆ ಎರಡೂ ಉತ್ತರ ಕೊಟ್ರೆ ಕಂಪ್ಯೂಟರ್ ಯಾವುದನ್ನ ನಂಬ್ಬೇಕು?" ರತ್ನ ಕಾರ್ಡಿನತ್ತ ಬೆರಳು ಚಾಚಿದಳು. "ನಾನು ಕೇಳ್ದೆ. ಏನಾದ್ರೂ ಹಾಕಿದ್ರಾ ಅಂತ ಬಾಯಿಬಿಟ್ಟು ಕೇಳ್ದೆ. ಇಲ್ಲ ಅಂದ್ರಿ! ಅವತ್ತಿಂದ ನನ್ನ ಕೈಯನ್ನೇ ನಾನು ನಂಬ್ತಿಲ್ಲ, ಗೊತ್ತಾ?"

"ಮೇಡಂ, ನಾನು..."

"ಬೇಡ. ಏನೂ ಹೇಳ್ಬೇಡಿ."

ಹಳೆಯ ಕಾರ್ಡಿನ ಮೇಲೆ ಅಕ್ಕಿಕಾಳಿನಷ್ಟು ಪುಟ್ಟ ಕಪ್ಪು ಟೋಪಿ. ಅದಕ್ಕೆ ಜಂಪರ್ ಎನ್ನುತ್ತಾರೆ. ಅದನ್ನು ಕಿತ್ತರೆ ಆ ಕಾರ್ಡಿನ ಕಿಂಡಿ ಸುಮ್ಮನಾಗುತ್ತದೆ, ಶಬ್ದ ಮಾತ್ರ ಉಳಿಯುತ್ತದೆ. ರತ್ನ ಚಿಮಟದಿಂದ ಕಿತ್ತಳು. ಡಬ್ಬ ಮುಚ್ಚಿದಳು.

ವಿಮಾನ ಏರಿತು. ಅವನು ಕೈ ಬಿಟ್ಟ. ಅದು ನೇರವಾಗಿ ಹಾರುತ್ತಲೇ ಇತ್ತು.

ತನ್ನ ಆಯ್ಕೆ ತಪ್ಪಿರಲಿಲ್ಲ... ಅಳು ಬಂದಂತಾಯಿತು. ತಿರುಗಿ ನೋಡದೆ ಬಸ್ ನಿಲ್ದಾಣಕ್ಕೆ ನಡೆದುಬಿಟ್ಟಳು.

* * *

"ಸರಿ ಹೋಯ್ತು ಸರಿ. ಯಾಕೆ ಕೆಟ್ಟಿತ್ತು?" ಎಂದು ಸೋಮವಾರ ಎರ್ರಪ್ಪ ಕೇಳಿದ.

ನಿಜ ಹೇಳಿದರೆ ನರಸಿಂಹನ ಗ್ಯಾರಂಟಿ ಅಲ್ಲಿಗೆ ಮುಗಿಯಿತು. ಪರೀಕ್ಷೆಗೆ ಇನ್ನು ಐದೇ ದಿನ. ನಡುವೆ ಏನಾದರೂ ಕೈಕೊಟ್ಟರೆ?

ಇಷ್ಟು ಕೋಪ ಬರಿಸಿದವನ ಬಗ್ಗೆ ನನಗೇಕೆ ಈ ಚಿಂತೆ?

"ನನ್ನ ಕೈ ತಪ್ಪು, ಸಾರ್," ಎಂದಳು.

"ಹಂಗಾದ್ರೆ ಶನಿವಾರದಿಂದ ಬಿಲ್ ಬುಕ್ಕು," ಎಂದ ಎರ್ರಪ್ಪ.

ಶನಿವಾರ ಬೆಳಗ್ಗೆಯೇ ಕೌಂಟರಿಗೆ ಬಂದು ಕೂತಳು. ಖಾಲಿ ಬೆಂಚಿನತ್ತ ನೋಡಬಾರದೆಂದು ಗೋಡೆಗೆ ಮುಖ ಮಾಡಿ ಕೂತಿದ್ದಳು.

ಮಧ್ಯಾಹ್ನ ಎರಡೂವರೆ. ಬಾಗಿಲಲ್ಲಿ ಏದುಸಿರು ಕೇಳಿಸಿತು.

ನರಸಿಂಹ! ಇಸ್ತ್ರಿ ಮಾಡಿದ ಬಿಳಿ ಅಂಗಿ ಬೆವರಲ್ಲಿ ತೊಯ್ದಿತ್ತು.

"ಪರೀಕ್ಷೆ?" ಎಂದಳು ಅವಳು, ಕೋಪವೂ ಮರೆತುಹೋಗಿ.

"ಮುಗೀತು. ವಿಮಾನ ಇಳಿಸ್ದೆ. ಫಲಿತಾಂಶ ಸಂಜೆ ಪರೀಕ್ಷೆ ಕೇಂದ್ರದಲ್ಲೇ ಓದಿ ಹೇಳ್ತಾರೆ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ?"

ಅವನು ಎರ್ರಪ್ಪನ ಮುಂದೆ ನಿಂತ.

"ಸಾರ್, ಇವರ ಕೈ ತಪ್ಪು, ಬೆಂಚಿಂದ ತೆಗೀತೀನಿ ಅಂತ ಮೊನ್ನೆ ಫೋನಲ್ಲಿ ನೀವು ಹೇಳಿದ್ದು ಕೇಳಿ ಮನಸ್ಸು ತಡೀಲಿಲ್ಲ. ತಪ್ಪು ಇವರದಲ್ಲ. ಸೀಲ್ ಬಿಚ್ಚಿದ್ದು ನಾನು. ಕಾರ್ಡ್ ಹಾಕಿದ್ದು ನಾನು. ಇವರು ಆರಿಸಿದ ಬೋರ್ಡಿಗೆ ಒಂದು ಕುಂದೂ ಇರ್ಲಿಲ್ಲ. ಗ್ಯಾರಂಟಿ ಬೇಕಾದ್ರೆ ವಾಪಸ್ ತಗೊಳ್ಳಿ. ಬೆಂಚು ಇವರಿಗೆ ಕೊಡಿ."

ಎರ್ರಪ್ಪ ಇಬ್ಬರನ್ನೂ ನೋಡಿದ. ಕನ್ನಡಕ ತೆಗೆದು ಒರೆಸಿದ.

"ಸೀಲ್ ಬಿಚ್ಚಿ ಮತ್ತೆ ಅಂಟಿಸಿದ್ರಾ? ಯಾವ ಗಮ್ಮಲ್ಲಿ?"

"ಅನ್ನದಲ್ಲಿ, ಸಾರ್."

"ಭಲೇ! ಎಂಟು ವರ್ಷದಲ್ಲಿ ಇಂಥ ಗಿರಾಕಿ ನೋಡಿಲ್ಲಪ್ಪ." ಅವನು ಬಿಲ್ ಬುಕ್ಕನ್ನು ತನ್ನತ್ತ ಎಳೆದುಕೊಂಡ. "ಏನ್ ನೋಡ್ತೀಯ ರತ್ನಮ್ಮ? ಹೋಗು, ಬೆಂಚಲ್ಲಿ ಎರಡು ಡಬ್ಬ ಕಾಯ್ತಾ ಅವೆ. ನಾನು ಟೀ ಕುಡ್ದು ಬರ್ತೀನಿ. ಬೇಗ ಬರಲ್ಲ!"

ಅಂಗಡಿಯಲ್ಲಿ ಇಬ್ಬರೇ ಉಳಿದರು.

"ಆ ಸೀಲ್ ಹರಿದು ಬಿಸಾಕಿದ್ರೆ ಆಗ್ತಿತ್ತಲ್ಲ," ಎಂದಳು ಅವಳು, ಸ್ಕ್ರೂಡ್ರೈವರನ್ನು ಸುಮ್ಮನೆ ತಿರುಗಿಸುತ್ತ. "ಕಾಗದದ ಚೂರು ಅದು."

"ನಿಮ್ಮ ಹೆಸರಿತ್ತು ಅದರಲ್ಲಿ." ಅವನು ಬೆಂಚಿನ ಹತ್ತಿರ ಬಂದ. "ನಾನು ಮೋಸ ಹೋಗ್ಬಾರ್ದು ಅಂತ ಯಾರೂ ಹಂಗೆ ಕೂಗಿರ್ಲಿಲ್ಲ. ಅವತ್ತೇ ಮನಸ್ಸು ನಿಮ್ಮ ಹತ್ರ ಬಿಟ್ಟೋದೆ. ಬಿಚ್ಚಿದೀನಿ ಅಂದ್ರೆ ನಿಮ್ಮ ಕಣ್ಣಲ್ಲಿ ಸಣ್ಣೋನಾಗ್ತೀನಿ ಅಂತ ಸುಳ್ಳು ಹೇಳ್ದೆ. ಅದು ನಿಮಗೆ ಇಷ್ಟು ನೋಯಿಸ್ತದೆ ಅಂತ ಗೊತ್ತಿರ್ಲಿಲ್ಲ... ಕ್ಷಮಿಸ್ತೀರಾ?"

ರತ್ನ ತನ್ನ ಪರ್ಸ್ ತೆರೆದು, ಬಸ್ ಟಿಕೆಟಿನಲ್ಲಿ ಮಡಿಸಿಟ್ಟಿದ್ದ ಏನನ್ನೋ ಅವನ ಅಂಗೈಗೆ ಸುರಿದಳು.

ಅಕ್ಕಿಕಾಳಿನಷ್ಟು ಕಪ್ಪು ಟೋಪಿ.

"ನಿಮ್ಮ ಕಾರ್ಡಿಂದು. ಅಲ್ಲೇ ಬಿಟ್ಟು ಬರ್ಬೇಕಿತ್ತು," ಎಂದಳು ತಲೆ ತಗ್ಗಿಸಿ. "ಬಿಡೋಕೆ ಆಗ್ಲಿಲ್ಲ."

ಅವನು ಅದನ್ನು ನೋಡುತ್ತಲೇ ನಿಂತ. ಆಮೇಲೆ ಮೆಲ್ಲಗೆ ಅವಳ ಅಂಗೈಗೇ ಹಿಂತಿರುಗಿಸಿ, ಬೆರಳುಗಳನ್ನು ಮಡಿಸಿದ.

"ಸಂಜೆ ಫಲಿತಾಂಶ ಬಂದ್ಮೇಲೆ ಫೋನ್ ಮಾಡ್ತೀನಿ. ಆಗಿದ್ರೂ, ಆಗದಿದ್ರೂ."

"ಮಾಡಿ," ಎಂದಳು ರತ್ನ. "ಈ ಸಲ ನಿಜ ಹೇಳ್ಬೇಕು."

"ಹೇಳ್ತೀನಿ ಮೇಡಂ."

"ಮೇಡಂ ಅಲ್ಲ," ಎಂದು ಅವಳು ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. "ಪೂರ್ತಿ ಹೆಸರು ಚೆನ್ನಾಗೈತೆ ಅಂದಿದ್ರಲ್ಲ... ಅದನ್ನೇ ಕರೀರಿ."