ದೂಳಿಗೆ ಕೊಟ್ಟ ಬೆಲ್ಲ

“ಒಂದ್ಸಲ ನೆಕ್ಕು ಅಂದ್ರೆ ಒಂದೇ ಸಲ ಕಣ್ಲಾ! ಕಚ್ಚಿದ್ಯೋ, ಹಲ್ ಉದುರಿಸ್ಬುಡ್ತೀನಿ!”

ಚೆಲ್ವಿ ಬೆಲ್ಲದ ಚೂರನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದು ನಾಗರಾಜುವಿನ ಬಾಯಿಯ ಮುಂದೆ ಚಾಚಿದಳು. ನಾಗರಾಜು ಕಣ್ಣು ಮುಚ್ಚಿ ನಾಲಿಗೆ ಹೊರಗೆ ಹಾಕಿದ.

ಸ್ಕೂಲಿನ ಹಿಂದಿನ ಗೋಡೆಯ ಮರೆಯಲ್ಲಿ ದಿನವೂ ನಡೆಯುತ್ತಿದ್ದ ವ್ಯಾಪಾರ ಇದು. ನಾಗರಾಜು ಒಂದು ಲೆಕ್ಕ ಮಾಡಿಕೊಟ್ಟರೆ ಒಂದು ಸಲ ನೆಕ್ಕಬಹುದು. ಭಾಗಾಕಾರವಾದರೆ ಎರಡು ಸಲ. ಚೆಲ್ವಿ ಲೆಕ್ಕದಲ್ಲಿ ಸುಧಾರಿಸಿದ್ದಾಳೆ ಎಂದು ಮೇಷ್ಟ್ರು ಖುಷಿಯಾಗಿದ್ದರು. ಪಾಪ, ಅವರಿಗೇನು ಗೊತ್ತು!

ಬೆಲ್ಲ ತರುತ್ತಿದ್ದದ್ದು ಚೆಲ್ವಿಯ ಅಪ್ಪ ದ್ಯಾವಯ್ಯ. ಕೆ.ಆರ್. ಪೇಟೆ ರಸ್ತೆಯ ರಟ್ಟಿನ ಫ್ಯಾಕ್ಟರಿಯಲ್ಲಿ ಅವನಿಗೆ ಕೆಲಸ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆ ಪೆಂಡಿ ಕಟ್ಟಿಕೊಂಡು ಲಾರಿಗಟ್ಟಲೆ ಅಲ್ಲಿಗೆ ಬರುತ್ತಿತ್ತು. ಅದು ತಿಂಗಳುಗಟ್ಟಲೆ ಅಂಗಳದಲ್ಲಿ ಬಿದ್ದು, ಒಣಗಿ, ಬೂಷ್ಟು ಹಿಡಿಯುತ್ತಿತ್ತು. ಆ ಪೆಂಡಿಗಳನ್ನು ಒಡೆದು ಮೆಷಿನ್ನಿಗೆ ಸುರಿಯಬೇಕು. ಒಂದು ಪೆಂಡಿ ಒಡೆದರೆ ಪಕ್ಕದಲ್ಲಿ ನಿಂತವನ ಮುಖವೂ ಕಾಣದಷ್ಟು ದೂಳು.

ಸಂಜೆ ಕೆಲಸ ಬಿಟ್ಟಾಗ ಒಬ್ಬೊಬ್ಬರಿಗೆ ಒಂದೊಂದು ಉಂಡೆ ಬೆಲ್ಲ. ಮ್ಯಾನೇಜರು ಗೇಟಿನಲ್ಲಿ ನಿಂತು, ತಮ್ಮ ತಾತನ ಆಸ್ತಿಯನ್ನೇ ಬರೆದುಕೊಡುವವರ ಹಾಗೆ ಹಂಚುತ್ತಿದ್ದರು. ಅಪ್ಪ ಅದನ್ನು ಟವೆಲಿನ ತುದಿಗೆ ಕಟ್ಟಿಕೊಂಡು ಬಂದು ಚೆಲ್ವಿಗೆ ಕೊಡುತ್ತಿದ್ದ.

“ಲೋ ನಾಗ, ನಿಮ್ಮಪ್ಪನೂ ಅದೇ ಫ್ಯಾಕ್ಟ್ರಿ ಅಲ್ವೇನ್ಲಾ? ನಿಮ್ಮನೆ ಬೆಲ್ಲ ಬುಟ್ಟು ನಂದ್ಯಾಕ್ ನೆಕ್ತೀಯ?”

“ನಮ್ಮಪ್ಪ ಗೇಟ್ ತಾವೇ ತಿಂದ್ಬುಡ್ತದೆ. ಅದು ಬರೀ ಬೆಲ್ಲ ಅಲ್ಲ ಕಣಮ್ಮಿ. ಔಸ್ದಿ!”

“ಔಸ್ದಿನಾ?”

“ಊಂ. ಗಂಟ್ಲಲ್ಲಿರೋ ದೂಳ್ನೆಲ್ಲಾ ಅಂಟಿಸ್ಕಂಡು ಕೆಳೀಕೆ ಎಳ್ಕೊಂಡೋಯ್ತದಂತೆ. ತಿನ್ನದೆ ಇದ್ರೆ ದೂಳು ಎದೇಲೇ ಕುಂತ್ಕತದೆ. ಫ್ಯಾಕ್ಟ್ರೀಲಿ ಎಲ್ರಿಗೂ ಗೊತ್ತು. ಯಾಕೆ, ನಿಮ್ಮಪ್ಪ ತಿನ್ನಾಕಿಲ್ವಾ?” ನಾಗರಾಜು ತುಟಿ ಚಪ್ಪರಿಸಿದ. “ಅದಕ್ಕೇ ಮತ್ತೆ, ಆಟೊಂದ್ ಕೆಮ್ಮೋದು.”

ಚೆಲ್ವಿಯ ಕೈಯಿಂದ ಬೆಲ್ಲ ಜಾರಿ ನೆಲಕ್ಕೆ ಬಿತ್ತು. ನಾಗರಾಜು ಅದನ್ನು ಎತ್ತಿ, ಉಫ್ ಅಂತ ಊದಿ, ಬಾಯಿಗೆ ಹಾಕಿಕೊಂಡ. ಅವಳು ಬೈಯಲೂ ಇಲ್ಲ.

ಅಪ್ಪನ ಕೆಮ್ಮು ಬೀದಿಗೆಲ್ಲ ಗೊತ್ತಿತ್ತು. ಸಂಜೆ ಬೀದಿಯ ತಿರುವಿನಲ್ಲಿ ಕೆಮ್ಮು ಕೇಳಿಸಿದರೆ ಅವ್ವ ಸಾರು ಬಿಸಿಗಿಡುತ್ತಿದ್ದಳು. ಚೆಲ್ವಿ ಬೆಲ್ಲ ಬಂತು ಅಂತ ಕುಣಿಯುತ್ತಾ ಓಡುತ್ತಿದ್ದಳು. ಅವತ್ತು ಮಾತ್ರ ಕೆಮ್ಮು ಕೇಳಿ ಅವಳಿಗೆ ನಾಚಿಕೆಯಾಯಿತು. ಅಪ್ಪನ ಔಷಧಿಯನ್ನು ತಿಂದದ್ದೂ ಅಲ್ಲದೆ, ಅದನ್ನು ಕೊಟ್ಟು ಭಾಗಾಕಾರ ಮಾಡಿಸಿಕೊಂಡಿದ್ದಳು.

“ತಗಳವ್ವ,” ಅಪ್ಪ ಬೆಲ್ಲ ನೀಡಿದ.

“ನಂಗ್ ಬ್ಯಾಡ. ಹಲ್ ನೋಯ್ತದೆ. ನೀನೇ ತಿನ್ನಪ್ಪ.”

“ಸೀ ತಿನ್ನೋ ವಯಸ್ಸಾ ನಂದು? ಮಡಿಕ್ಕೊ, ನಾಳೀಕೆ ತಿನ್ನೀವಂತೆ.”

ಹೇಳಿದರೆ ಕೇಳುವ ಗಿರಾಕಿ ಅಲ್ಲ ಅಪ್ಪ. ಚೆಲ್ವಿ ಯೋಚಿಸಿದಳು. ಅವ್ವ ಯಶೋದಮ್ಮ ನೀರಿಗೆ ಹೋದ ಹೊತ್ತು ನೋಡಿ, ಇಡೀ ಉಂಡೆಯನ್ನು ಕುಟ್ಟಿ ಸಾರಿನ ಮಡಕೆಗೆ ಹಾಕಿ ಕಲಕಿಬಿಟ್ಟಳು.

ಅವತ್ತು ಉಪ್ಪುಸಾರು. ಉಪ್ಪುಸಾರಿಗೆ ಬೆಲ್ಲ! ಆ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಪಾಪ ಇನ್ನೊಂದಿಲ್ಲ.

ಅಪ್ಪ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ಅವನ ಮುಖ ಸೊಟ್ಟಗಾಯಿತು.

“ಯಶೋದಾ, ಏನ್ ಸಾರಮ್ಮಿ ಇದು? ಯಾರ್ದಾರೂ ಮದ್ವೆ ಊಟ ಮಿಕ್ಕಿತ್ತಾ?”

ಅವ್ವ ಒಂದು ತೊಟ್ಟು ರುಚಿ ನೋಡಿದಳು. ಆಮೇಲೆ ಸೌಟು ಹಿಡಿದುಕೊಂಡೇ ಚೆಲ್ವಿಯ ಕಡೆ ತಿರುಗಿದಳು. “ನಿನ್ ಕೈ ಸೇದೋಗಾ! ಏನ್ ಸುರುದ್ಯೇ ನನ್ ಸಾರ್ಗೆ?”

“ಔಸ್ದಿ ಕಣವ್ವಾ!” ಚೆಲ್ವಿ ಅಪ್ಪನ ಬೆನ್ನ ಹಿಂದೆ ಸೇರಿಕೊಂಡು ಅಳತೊಡಗಿದಳು. “ಅಪ್ಪನ್ ಔಸ್ದಿನೆಲ್ಲಾ ನಾನೇ ತಿಂದ್ಬುಟ್ಟಿವ್ನಿ. ಅದಕ್ಕೇ ಅಪ್ಪ ಕೆಮ್ತಾ ಅದೆ. ನಾಗ ಯೋಳ್ದ.”

ಅಪ್ಪನಿಗೆ ನಗು ತಡೆಯಲಾಗಲಿಲ್ಲ. ನಕ್ಕ, ನಕ್ಕ, ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಅವನು ಕಂಬ ಹಿಡಿದುಕೊಂಡು ಬಗ್ಗಿದ. ಉಸಿರು ಸಿಗದೆ ತುಟಿ ಕಪ್ಪಗಾಯಿತು. ಅವ್ವ ಸೌಟು ಬಿಸಾಡಿ ಎದೆ ನೀವತೊಡಗಿದಳು. ಚೆಲ್ವಿಗೆ ಅಪ್ಪ ಸತ್ತೇ ಹೋಗುತ್ತಾನೆ ಅನ್ನಿಸಿತು.

ಮರುದಿನ ಅವ್ವ ಅಪ್ಪನನ್ನು ಕೆಲಸಕ್ಕೆ ಬಿಡಲಿಲ್ಲ. ಪೇಟೆಯ ಡಾಕ್ಟರ ಹತ್ತಿರ ಅಟ್ಟಿದಳು. ಚೆಲ್ವಿ ಹಟ ಮಾಡಿ ಜೊತೆಗೆ ಹೋದಳು. ತಪ್ಪು ತನ್ನದು, ಇಂಜೆಕ್ಷನ್ ಏನಾದರೂ ಇದ್ದರೆ ತನಗೇ ಚುಚ್ಚಲಿ ಎಂದು ಅವಳ ಲೆಕ್ಕ.

ಡಾಕ್ಟರು ಅಪ್ಪನ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಅವರು ಬಾಯಿ ತೆರೆಯುವ ಮುಂಚೆಯೇ ಚೆಲ್ವಿ ಬೆಲ್ಲದ ಕತೆಯನ್ನೆಲ್ಲ ಒದರಿಬಿಟ್ಟಳು.

“ಬೆಲ್ಲಾನಾ?” ಅಂದರು ಡಾಕ್ಟರು. “ಬೆಲ್ಲ ಹೋಗೋದು ಹೊಟ್ಟೆಗೆ ಕಣಮ್ಮ. ದೂಳು ಹೋಗೋದು ಎದೆ ಒಳಗಿನ ಉಸಿರಿನ ಚೀಲಕ್ಕೆ. ಎರಡಕ್ಕೂ ದಾರೀನೇ ಬೇರೆ. ನಿಮ್ಮಪ್ಪ ಗಾಡಿಗಟ್ಲೆ ಬೆಲ್ಲ ತಿಂದ್ರೂ ಒಂದು ಚಿಟಿಕೆ ದೂಳು ಆಚೆಗೆ ಬರೋದಿಲ್ಲ.” ಆಮೇಲೆ ಅಪ್ಪನ ಕಡೆ ತಿರುಗಿದರು. “ಮೂಗಿಗೆ ಕಟ್ಕೊಳ್ಳೋಕೆ ಏನೂ ಕೊಟ್ಟಿಲ್ವೇನಯ್ಯಾ?”

ಅಪ್ಪ ನೆಲ ನೋಡಿದ. “ಕೊಟ್ಟಿದ್ರು ಸ್ವಾಮಿ. ಇನ್ಸ್‌ಪೆಕ್ಟ್ರು ಫ್ಯಾಕ್ಟ್ರಿ ನೋಡಾಕ್ ಬಂದಿದ್ ದಿನ. ನಾವ್ಯಾರೂ ಕಟ್ಕಳ್ನಿಲ್ಲ.”

“ಯಾಕೆ?”

“ಒಕ್ಕಣೆ ಮಾಡುವಾಗ ಎತ್ತು ಬಾಯಾಕ್ಬಾರ್ದು ಅಂತ ಕುಕ್ಕೆ ಕಟ್ತೀವಲ್ಲಾ, ಅಂಗಿತ್ತು ಸ್ವಾಮಿ. ನಾವೇನ್ ಎತ್ತಾ? ಅವ್ರ ಸಿಪ್ಪೆ ಮೇಯ್ತೀವಾ?”

“ಮೇಯ್ತಾನೇ ಇದ್ದೀಯಲ್ಲಯ್ಯಾ!” ಡಾಕ್ಟರು ಮೇಜು ಕುಟ್ಟಿದರು. “ದಿನಾ ಮೇಯ್ತಿದ್ದೀಯ, ಮೂಗಲ್ಲಿ! ಇನ್ನೆರಡು ವರ್ಷ ಹಿಂಗೇ ಮೇಯ್ದರೆ, ಈ ಮಗು ಜೊತೆ ಬಸ್‌ಸ್ಟ್ಯಾಂಡ್‌ವರೆಗೂ ನಡೆಯೋಕಾಗಲ್ಲ ನಿನಗೆ. ಬೇರೆ ಕಡೆ ಕೆಲಸ ಕೊಡಿ ಅಂತ ಕೇಳು. ನಾನೂ ಮ್ಯಾನೇಜರಿಗೆ ಹೇಳ್ತೀನಿ. ಅಲ್ಲೀ ತನಕ ಪೆಂಡಿಗೆ ನೀರು ಹೊಡೆದು ಒಡೀರಿ. ಮೂಗು ಬಾಯಿ ಮುಚ್ಚದೆ ಅಂಗಳಕ್ಕೆ ಕಾಲಿಡಬೇಡ.”

ಹೊರಗೆ ಬಂದದ್ದೇ ಚೆಲ್ವಿ ಒಂಟಿಕಾಲಲ್ಲಿ ಕುಣಿದಳು. ಬೆಲ್ಲ ಔಷಧಿ ಅಲ್ಲ! ತಾನು ತಿಂದದ್ದರಿಂದ ಅಪ್ಪನಿಗೆ ಏನೂ ಆಗಿಲ್ಲ! ಆ ನಾಗ ಸಿಗಲಿ, ಮಾಡುತ್ತೇನೆ ಅವನಿಗೆ!

“ಅಪ್ಪ, ಅದು ಔಸ್ದಿ ಅಲ್ಲ ಅಂತ ನಿಂಗೆ ಮುಂಚೇನೇ ಗೊತ್ತಿತ್ತು, ಅಲ್ವಾ?”

“ನಂಗೆಂಗವ್ವಾ ಗೊತ್ತಿರ್ತದೆ? ಎಲ್ರೂ ಔಸ್ದಿ ಅಂತಿದ್ರು, ನಾನೂ ಅಂಗೇ ಅನ್ಕಂಡಿದ್ದೆ. ಈಗ ಡಾಕ್ಟ್ರು ಯೋಳುದ್ ಮ್ಯಾಲೇ ಗೊತ್ತಾಗಿದ್ದು. ನಡಿ ನಡಿ, ಬಸ್ ಬಂತು.”

ಚೆಲ್ವಿ ಎರಡು ಹೆಜ್ಜೆ ನಡೆದು ನಿಂತುಬಿಟ್ಟಳು.

ಅಪ್ಪನಿಗೂ ಗೊತ್ತಿರಲಿಲ್ಲ. ಔಷಧಿ ಅಂತಲೇ ಅಪ್ಪ ನಂಬಿದ್ದ. ನಂಬಿಕೊಂಡೇ, ಕೆಮ್ಮಿಕೊಂಡೇ, ದಿನಾ ಅದನ್ನು ತಂದು ಅವಳ ಕೈಗೆ ಕೊಟ್ಟಿದ್ದ. ಅವಳಿಗೆ ಜೋರಾಗಿ ಅಳಬೇಕು ಅನ್ನಿಸಿತು. ಅಳಲಿಲ್ಲ. ಓಡಿಹೋಗಿ ಅಪ್ಪನ ಕೈ ಹಿಡಿದುಕೊಂಡಳು.

ಊರ ಕಡೆ ಹೋಗುವ ಸಂತೆಬಾಚಹಳ್ಳಿ ಬಸ್ಸು ಹೊರಟಿತು. ಪೇಟೆ ದಾಟುತ್ತಿದ್ದಂತೆ ಮಣ್ಣುರಸ್ತೆ. ಕಿಟಕಿಗಳಿಂದ ಕೆಂದೂಳು ಒಳಗೆ ನುಗ್ಗಿತು. ಅಪ್ಪ ಕೆಮ್ಮಿದ. ಚೆಲ್ವಿ ಸೀಟಿನ ಮೇಲೆ ಮೊಣಕಾಲೂರಿ ನಿಂತಳು. ಅಪ್ಪನ ಹೆಗಲ ಮೇಲಿನ ಟವೆಲು ಎಳೆದು, ಅವನ ಮೂಗು ಬಾಯಿ ಮುಚ್ಚಿ, ತಲೆಯ ಹಿಂದೆ ಬಿಗಿಯಾಗಿ ಗಂಟು ಹಾಕಿದಳು.

“ಏನ್ ದ್ಯಾವಣ್ಣ!” ಹಿಂದಿನ ಸೀಟಿನಿಂದ ಯಾರೋ ಕೂಗಿದರು. “ಮಗ್ಳು ಕುಕ್ಕೆ ಕಟ್ಬುಟ್ಳಾ?”

ಬಸ್ಸಿಗೆ ಬಸ್ಸೇ ನಕ್ಕಿತು. ಅಪ್ಪನ ಕೈ ಗಂಟಿನ ಕಡೆ ಹೋಯಿತು. ಚೆಲ್ವಿ ಅವನ ಮುಖವನ್ನೇ ನೋಡುತ್ತಿದ್ದಳು. ಅಪ್ಪ ಕೈ ಇಳಿಸಿದ.

“ಊಂ ಕಣಣ್ಣಾ,” ಟವೆಲಿನ ಒಳಗಿಂದಲೇ ಅಂದ. “ಬಲೇ ಘಾಟಿ ಇವ್ಳು. ಬಿಚ್ಚಾಂಗಿಲ್ಲ.”

ಊರು ಹತ್ತಿರ ಬಂದಾಗ ಅವನು ಚೆಲ್ವಿಯ ಕಿವಿಯ ಹತ್ತಿರ ಬಗ್ಗಿದ. “ಬೆಳಗ್ಗೆ ಕೆಲಸಕ್ಕೆ ಓಗುವಾಗ ನೀನೇ ಕಟ್ಟಿ ಕಳುಸ್ಬೇಕು ಕಣವ್ವಾ. ನಂಗೆ ಇಂದುಗಡೆ ಗಂಟು ಆಕಾಕೆ ಬರಾಕಿಲ್ಲ.”

ಅಪ್ಪನಿಗೆ ಎಂಥ ಗಂಟಾದರೂ ಹಾಕಲು ಬರುತ್ತದೆ ಎಂದು ಚೆಲ್ವಿಗೆ ಗೊತ್ತಿತ್ತು. ಆದರೂ ಅವಳು, “ಊಂ, ಕಟ್ತೀನಿ,” ಅಂದಳು.